ಸುಳ್ಳು ಕುಸ್ತಿ ಹೆತ್ತ ನಿಜ ಕಾಳಗ

1954ರ ಡಿಸೆಂಬರ್ 22ರಂದು ಟೋಕಿಯೊದ ಕುರಾಮಾಯೆ ಕ್ರೀಡಾಂಗಣದಲ್ಲಿ ಇಬ್ಬರು ಮಲ್ಲರು ಎದುರುಬದುರಾದರು. ಒಬ್ಬ ರಿಕಿಡೋಜಾನ್. ಸುಮೋ ಕಣ ಬಿಟ್ಟು ವೃತ್ತಿಪರ ಕುಸ್ತಿಗೆ ಬಂದ ಆತ ಆ ವರ್ಷವಷ್ಟೇ ಜಪಾನಿನ ಮನೆಮಾತಾಗಿದ್ದ. ಇನ್ನೊಬ್ಬ ಮಸಾಹಿಕೊ ಕಿಮುರಾ. ಜೂಡೊದಲ್ಲಿ ಅವನಿಗೆ ಹಿಂದೆ ಸಾಟಿಯಿರಲಿಲ್ಲ, ಮುಂದೆಯೂ ಇರಲಾರರು ಎಂಬ ಕೀರ್ತಿ ಪಡೆದವನು. ಕುಸ್ತಿ ಸಮಬಲದಲ್ಲಿ ಮುಗಿಯಬೇಕೆಂದು ಮೊದಲೇ ಮಾತಾಗಿತ್ತು ಎಂದು ಕಿಮುರಾ ಆಮೇಲೆ ಹೇಳಿದ. ಆದರೆ ನಡುವೆ ರಿಕಿಡೋಜಾನ್ ಮಾತು ಮುರಿದ. ಕತ್ತಿಗೆ, ಮುಖಕ್ಕೆ ನಿಜವಾದ ಪೆಟ್ಟುಗಳು ಬೀಳತೊಡಗಿದವು. ಇದಕ್ಕೆ ಸಿದ್ಧನಾಗಿರದ ಕಿಮುರಾ ನೆತ್ತರು ಸುರಿಸುತ್ತ ಕಣದಲ್ಲಿ ಕುಸಿದುಬಿದ್ದ.

ಅಂದು ನಡೆದದ್ದು ಆಟವೋ, ಹೊಡೆದಾಟವೋ? ಈ ಪ್ರಶ್ನೆ ಜಪಾನಿನ ಕುಸ್ತಿಯ ಬೆನ್ನನ್ನು ನಂತರದ ಅರ್ಧ ಶತಮಾನ ಕಾಲ ಬಿಡಲಿಲ್ಲ. ಇಂದು ಜಗತ್ತಿನ ಹಲವೆಡೆ ಕೋಟಿಗಟ್ಟಲೆ ಹಣದ ವಹಿವಾಟಾಗಿ ಬೆಳೆದಿರುವ ಮಿಶ್ರ ಸಮರಕಲೆ, ಅಂದರೆ ಬಾಕ್ಸಿಂಗ್, ಕುಸ್ತಿ, ಜೂಡೊ, ಕರಾಟೆಗಳೆಲ್ಲ ಒಂದೇ ಕಣದಲ್ಲಿ ಬೆರೆಯುವ ಕಾಳಗ, ಹುಟ್ಟಿದ್ದು ಅಮೆರಿಕದಲ್ಲಿ 1993ರಲ್ಲಿ ಎಂಬುದು ಸಾಮಾನ್ಯ ನಂಬಿಕೆ. ಅದು ಅರ್ಧ ಸತ್ಯ ಮಾತ್ರ. ಆ ಕಾಳಗದ ಇನ್ನೊಂದು ತವರು ಜಪಾನು. ಅಲ್ಲಿ ಅದನ್ನು ಹೆತ್ತದ್ದು, ಸೋಲು ಗೆಲುವುಗಳನ್ನು ಮೊದಲೇ ಗೊತ್ತುಮಾಡಿಕೊಂಡು ಆಡುವ ವೃತ್ತಿಪರ ಕುಸ್ತಿ!

ಬೀದಿಯಲ್ಲಿ ಹುಟ್ಟಿದ ವೀರ

ಜಪಾನಿನಲ್ಲಿ ಟೆಲಿವಿಷನ್ ಪ್ರಸಾರ ಆರಂಭವಾದದ್ದು 1953ರಲ್ಲಿ. ಮನೆಗೊಂದು ಪೆಟ್ಟಿಗೆ ಕೊಳ್ಳುವ ಶಕ್ತಿ ಆಗ ಹೆಚ್ಚಿನವರಿಗೆ ಇರಲಿಲ್ಲ. ರೈಲು ನಿಲ್ದಾಣಗಳ ಮುಂದೆ, ಚೌಕಗಳಲ್ಲಿ ಪೆಟ್ಟಿಗೆಗಳನ್ನು ಇಟ್ಟರು. 1954ರ ಫೆಬ್ರವರಿಯಲ್ಲಿ ರಿಕಿಡೋಜಾನ್ ಮತ್ತು ಕಿಮುರಾ ಜೋಡಿಯಾಗಿ ಶಾರ್ಪ್ ಸಹೋದರರೆಂಬ ದೈತ್ಯಾಕಾರದ ಬಿಳಿಯರನ್ನು ಎದುರಿಸಿದಾಗ ಆ ಪೆಟ್ಟಿಗೆಗಳ ಮುಂದೆ ಜನಸಾಗರವೇ ನೆರೆಯಿತು. ಯುದ್ಧದಲ್ಲಿ ಸೋತು, ಅಮೆರಿಕದ ಸೇನೆಯ ಆಡಳಿತದಿಂದ ಹೊರಬಂದು ಎರಡು ವರ್ಷವೂ ತುಂಬದ ದೇಶ ಅದು. ಬಿಳಿಯ ದೈತ್ಯನನ್ನು ಅಂಗೈಯ ಅಂಚಿನಿಂದ ಹೊಡೆದು ಕೆಡವುವ ರಿಕಿಡೋಜಾನ್ ಆ ಜನರಿಗೆ ಬರೀ ಕುಸ್ತಿಪಟುವಾಗಿ ಕಾಣಲಿಲ್ಲ.

ಆ ರಾಷ್ಟ್ರವೀರ ಹುಟ್ಟಿನಿಂದ ಜಪಾನೀಯನೇ ಅಲ್ಲ, ಕೊರಿಯಾದವನು. ಕಿಮ್ ಸಿನ್‌ರಾಕ್ ಎಂಬುದು ಆತನ ಹುಟ್ಟು ಹೆಸರು. ಈ ಸಂಗತಿಯನ್ನು ಆತ ಬದುಕಿದ್ದಷ್ಟು ಕಾಲವೂ ಸಾರ್ವಜನಿಕರಿಂದ ಮುಚ್ಚಿಡಲಾಗಿತ್ತು. 1963ರ ಡಿಸೆಂಬರ್‌ನಲ್ಲಿ ಟೋಕಿಯೊದ ನೈಟ್‌ಕ್ಲಬ್ ಒಂದರಲ್ಲಿ ಭೂಗತ ಲೋಕದವನೊಬ್ಬನ ಚೂರಿಯಿಂದ ಗಾಯಗೊಂಡ ಆತ ಒಂದು ವಾರದ ನಂತರ ತೀರಿಕೊಂಡ. ಕುಸ್ತಿಯ ಕಣಕ್ಕೂ ಭೂಗತ ಲೋಕಕ್ಕೂ ಇದ್ದ ಈ ನೆರೆಹೊರೆಯ ಸಂಬಂಧ ಮುಂದೆಯೂ ತಪ್ಪಲಿಲ್ಲ.

ರಿಯೊದಲ್ಲಿ ತಿರುಚಿದ ತೋಳು

ಕಿಮುರಾ ಈ ಕಣಕ್ಕೆ ಬಂದ ಕಾರಣ ಬೇರೆ. ಪತ್ನಿಗೆ ಕ್ಷಯ. ಔಷಧಿಗೆ ಹಣ ಬೇಕಿತ್ತು. ಜೂಡೊ ಗೌರವ ತಂದಿತ್ತೇ ಹೊರತು ಹಣ ತಂದಿರಲಿಲ್ಲ. ಹಣಕ್ಕಾಗಿ ಕಣಕ್ಕಿಳಿಯುತ್ತ ದೇಶದೇಶ ಸುತ್ತಿದ ಆತ 1951ರಲ್ಲಿ ಬ್ರೆಜಿಲ್‌ಗೆ ಹೋದ. ಅಲ್ಲಿ ಗ್ರೇಸಿ ಎಂಬ ಮನೆತನ ಜಪಾನಿನ ಜುಜುತ್ಸುವನ್ನು ತನ್ನದೇ ರೀತಿಯಲ್ಲಿ ಬೆಳೆಸಿಕೊಂಡಿತ್ತು. ಅವರಿಗೆ ಆ ವಿದ್ಯೆ ಬಂದದ್ದು 1914ರಲ್ಲಿ ಬ್ರೆಜಿಲ್‌ಗೆ ಬಂದ ಮಿತ್ಸುಯೊ ಮಾಯೆದಾ ಎಂಬ ಜೂಡೊ ಪಟುವಿನಿಂದ. ಈ ಮಾಯೆದಾ ಕೂಡ ಯುರೋಪು, ಅಮೆರಿಕಗಳ ವೃತ್ತಿಪರ ಕುಸ್ತಿ ಕಣಗಳಲ್ಲಿ ಸೆಣಸುತ್ತ ಊರೂರು ಅಲೆದವನೇ. ಹಾಗಾಗಿ ಗ್ರೇಸಿಗಳ ವಿದ್ಯೆಯಲ್ಲೂ ಈ ಕುಸ್ತಿಯ ನೆರಳಿದೆ.

1951ರ ಅಕ್ಟೋಬರ್ 23ರಂದು ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ ಕಿಮುರಾ ಮತ್ತು ಹೆಲಿಯೊ ಗ್ರೇಸಿ ಸೆಣಸಿದರು. ಅದು ಮೊದಲೇ ಗೊತ್ತುಮಾಡಿದ ಆಟವಾಗಿರಲಿಲ್ಲ. ಕಿಮುರಾ ಎದುರಾಳಿಯ ಮಣಿಕಟ್ಟು ಹಿಡಿದು, ತನ್ನ ಇನ್ನೊಂದು ತೋಳನ್ನು ಅವನ ತೋಳಿನ ಸುತ್ತ ಹೆಣೆದು, ಭುಜದ ಕೀಲು ತಿರುಗುವಂತೆ ಬೆನ್ನ ಹಿಂದಕ್ಕೆ ತಿರುಚಿದ. ಹೆಲಿಯೊ ನೋವು ನುಂಗಿದನೇ ವಿನಾ ಸೋಲೊಪ್ಪಲಿಲ್ಲ. ಕೊನೆಗೆ ಅವನ ಕಡೆಯವರೇ ಟವೆಲ್ ಎಸೆದು ಕಾಳಗ ನಿಲ್ಲಿಸಿದರು. ಅಂದಿನಿಂದ ಬ್ರೆಜಿಲ್‌ನಲ್ಲಿ ಆ ಪಟ್ಟಿಗೆ 'ಕಿಮುರಾ' ಎಂದೇ ಹೆಸರಾಯಿತು. ಗೆದ್ದವನ ಹೆಸರನ್ನು ಸೋತವರು ಉಳಿಸಿಕೊಂಡರು. ಮೂರು ವರ್ಷದ ನಂತರ ಅದೇ ಕಿಮುರಾ ಟೋಕಿಯೊದಲ್ಲಿ ನಂಬಿಕೆಗೆಟ್ಟು ನೆಲಕ್ಕುರುಳಿದ.

ಬೈಠಕ್ ಹೊಡೆಸಿದ ಗುರು

ಸೋಲುಗೆಲುವು ಮೊದಲೇ ನಿಶ್ಚಯವಾಗಿರುವ ಕುಸ್ತಿಯಲ್ಲಿ ನಿಜವಾದ ಪಟ್ಟುಗಳ ಅಗತ್ಯವೇನು? ಕಿಮುರಾನಿಗೆ ಒದಗಿದ ಗತಿಯಲ್ಲೇ ಇದಕ್ಕೆ ಉತ್ತರವಿದೆ. ಎದುರಾಳಿ ಯಾವಾಗ ಮಾತು ಮುರಿದಾನು ಎಂದು ಹೇಳಲಾಗದು. 'ನಿಮ್ಮದು ನಾಟಕ' ಎಂದು ಹಂಗಿಸುತ್ತ ಸವಾಲು ಹಾಕುವವರೂ ಇರುತ್ತಾರೆ. ಇಂಥ ಹೊತ್ತಿಗೆ ಬೇಕೆಂದೇ ಜಪಾನಿನ ಕುಸ್ತಿ ಶಾಲೆಗಳಲ್ಲಿ ಪ್ರೇಕ್ಷಕರ ಕಣ್ಣಿಗೆ ಬೀಳದ ನಿಜವಾದ ಸಾಮು ನಡೆಯುತ್ತಿತ್ತು.

ಆ ಸಾಮಿನ ಗುರು ಕಾರ್ಲ್ ಗಾಚ್. ಬೆಲ್ಜಿಯಂನಲ್ಲಿ ಹುಟ್ಟಿ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆ ದೇಶದ ಪರ ಕುಸ್ತಿ ಆಡಿದವನು. ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಊರಾದ ವಿಗನ್‌ನಲ್ಲಿ ಬಿಲ್ಲಿ ರೈಲಿ ಎಂಬಾತ ನಡೆಸುತ್ತಿದ್ದ ಗರಡಿಯಲ್ಲಿ ಪಳಗಿದವನು. 'ಹಾವಿನ ಗುಂಡಿ' ಎಂಬ ಅಡ್ಡಹೆಸರಿನ ಆ ಗರಡಿಯಲ್ಲಿ ಕಲಿಸುತ್ತಿದ್ದುದು ಕೈಕಾಲುಗಳ ಕೀಲುಗಳನ್ನು ತಿರುಚಿ ಸೋಲೊಪ್ಪಿಸುವ ಕುಸ್ತಿ. ಕಿಮುರಾ ರಿಯೊದಲ್ಲಿ ಹಾಕಿದ ಪಟ್ಟು ಅಲ್ಲಿಯೂ ಇತ್ತು. ಅಲ್ಲಿ ಅದರ ಹೆಸರು 'ಡಬಲ್ ರಿಸ್ಟ್‌ಲಾಕ್'.

ಗಾಚ್‌ನನ್ನು ಜಪಾನೀಯರು 'ಕುಸ್ತಿಯ ದೇವರು' ಎಂದು ಕರೆದರು. ಆತ ಶಿಷ್ಯರಿಂದ ಮಾಡಿಸುತ್ತಿದ್ದ ಕಸರತ್ತುಗಳಲ್ಲಿ ಮುಖ್ಯವಾದವು ದಂಡ ಮತ್ತು ಬೈಠಕ್. ಕನ್ನಡ ನಾಡಿನ ಗರಡಿಗಳಲ್ಲಿ ಪೈಲ್ವಾನರು ಬೆಳಗಿನ ಜಾವ ತೆಗೆಯುವ ದಂಡ, ಬಸ್ಕಿಗಳೇ ಅವು. ಜಪಾನಿನ ಕುಸ್ತಿ ಲೋಕದಲ್ಲಿ ಇಂದಿಗೂ ಬೈಠಕ್‌ನ ಹೆಸರು 'ಹಿಂದೂ ಸ್ಕ್ವಾಟ್'. ನೂರಾರು ಬೈಠಕ್ ಹೊಡೆದು ಕಾಲು ನಡುಗುವಾಗ ಪಟ್ಟು ಕಲಿಯಬೇಕು, ದಣಿದ ಮೈಯಿಂದಲೇ ಸೆಣಸಬೇಕು. ಆಂಟೋನಿಯೊ ಇನೋಕಿ, ಯೋಶಿಯಾಕಿ ಫುಜಿವಾರಾ, ಸತೋರು ಸಯಾಮಾ, ಅಕಿರಾ ಮಾಯೆದಾ ಮೊದಲಾದವರು ಹೀಗೆ ತಯಾರಾದರು. ಹಗಲು ನಿಜವಾದ ಕುಸ್ತಿ ಕಲಿತು ರಾತ್ರಿ ಕಣದಲ್ಲಿ ಒಪ್ಪಂದದ ಕುಸ್ತಿ ಆಡುವುದು ಅವರ ಪಾಡಾಯಿತು. ಎಷ್ಟು ದಿನ ಇದು ನಡೆದೀತು?

ಅಲಿಯ ಕಾಲು, ಅಕ್ರಮ್‌ನ ತೋಳು

ಇನೋಕಿ ಯೊಕೊಹಾಮಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಕುಟುಂಬದೊಂದಿಗೆ ಬ್ರೆಜಿಲ್‌ಗೆ ವಲಸೆ ಹೋಗಿ ಕಾಫಿ ತೋಟದಲ್ಲಿ ದುಡಿದ ಹುಡುಗ. 1960ರಲ್ಲಿ ರಿಕಿಡೋಜಾನ್‌ನ ಕಣ್ಣಿಗೆ ಬಿದ್ದು ಜಪಾನಿಗೆ ಮರಳಿದ. 1972ರಲ್ಲಿ ತನ್ನದೇ ಕುಸ್ತಿ ಸಂಸ್ಥೆ ಕಟ್ಟಿದ. ಎಲ್ಲ ಕಾಳಗ ವಿದ್ಯೆಗಳಿಗಿಂತ ಕುಸ್ತಿಯೇ ಬಲಶಾಲಿ ಎಂಬುದು ಆತನ ಘೋಷಣೆ. ಅದನ್ನು ಸಾಧಿಸಿ ತೋರಿಸಲು ಬೇರೆ ಬೇರೆ ವಿದ್ಯೆಗಳ ಹೆಸರಾಂತರನ್ನು ಕಣಕ್ಕೆ ಕರೆಯತೊಡಗಿದ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಜೂಡೊದ ಎರಡು ಚಿನ್ನ ಗೆದ್ದ ಹಾಲೆಂಡಿನ ವಿಲ್ಲೆಮ್ ರುಸ್ಕಾ 1976ರ ಫೆಬ್ರವರಿಯಲ್ಲಿ ಬಂದ. ಅದೇ ವರ್ಷದ ಜೂನ್ 26ರಂದು ಟೋಕಿಯೊದ ಬುಡೋಕಾನ್‌ಗೆ ಬಂದವನು ಸಾಕ್ಷಾತ್ ಮುಹಮ್ಮದ್ ಅಲಿ!

ಜಗತ್ತೇ ಕಾದು ಕುಳಿತಿದ್ದ ಆ 15 ಸುತ್ತುಗಳ ಕಾಳಗ ನೋಡುಗರಿಗೆ ಬೇಸರ ಹುಟ್ಟಿಸಿತು. ಬಹುಪಾಲು ಪಟ್ಟುಗಳಿಗೆ ನಿಯಮಗಳೇ ಅಡ್ಡಿಯಾಗಿದ್ದರಿಂದ ಇನೋಕಿ ಉದ್ದಕ್ಕೂ ನೆಲದ ಮೇಲೆ ಅಂಗಾತ ಮಲಗಿ ಅಲಿಯ ಕಾಲಿಗೆ ಒದೆಯುತ್ತ ಉಳಿದ. ಅಲಿ ಹೊಡೆದದ್ದು ಬೆರಳೆಣಿಕೆಯ ಗುದ್ದುಗಳನ್ನು. ಪಂದ್ಯ ಸಮಬಲವೆಂದು ಘೋಷಣೆಯಾದಾಗ ಜನ ಕೈಗೆ ಸಿಕ್ಕಿದ್ದನ್ನೆಲ್ಲ ಕಣಕ್ಕೆ ಎಸೆದರು. ಆದರೆ ಊದಿಕೊಂಡು, ರಕ್ತ ಹೆಪ್ಪುಗಟ್ಟಿದ ಕಾಲುಗಳಿಗೆ ಅಲಿ ಆಸ್ಪತ್ರೆ ಸೇರಬೇಕಾಯಿತು. ನಾಟಕವಾಗಿದ್ದರೆ ಅದು ಖಂಡಿತ ಇದಕ್ಕಿಂತ ಸೊಗಸಾಗಿರುತ್ತಿತ್ತು. ಅದು ನಿಜವಾಗಿತ್ತು ಎಂಬುದಕ್ಕೆ ಆ ಬೇಸರವೇ ಸಾಕ್ಷಿ.

ಅದೇ ಡಿಸೆಂಬರ್‌ನಲ್ಲಿ ಇನೋಕಿ ಪಾಕಿಸ್ತಾನದ ಕರಾಚಿಗೆ ಹೋದ. ಎದುರಾಳಿ ಅಕ್ರಮ್ ಪೈಲ್ವಾನ. ಅವಿಭಜಿತ ಭಾರತದ ಅಜೇಯ ಮಲ್ಲ ಗಾಮಾನ ತಮ್ಮನ ಮಗ. ತುಂಬಿದ ಕ್ರೀಡಾಂಗಣದಲ್ಲಿ ಆಟ ಬೇಗನೆ ನಿಜವಾದ ಹೋರಾಟಕ್ಕೆ ತಿರುಗಿತು. ಮೂರನೆಯ ಸುತ್ತಿನಲ್ಲಿ ಇನೋಕಿ ಗಾಚ್ ಕಲಿಸಿದ ಡಬಲ್ ರಿಸ್ಟ್‌ಲಾಕ್ ಹಾಕಿದ. ಮಣಿಯಲೊಲ್ಲದ ಅಕ್ರಮ್‌ನ ತೋಳು ಕೆಟ್ಟಿತು, ಕಾಳಗ ನಿಂತಿತು. ಕಿಮುರಾ 25 ವರ್ಷಗಳ ಹಿಂದೆ ಹಾಕಿದ್ದ ಅದೇ ಪಟ್ಟು. ಈ ಬಾರಿ ಹೊತ್ತು ಬಂದವರು ಬೇರೆ. 1979ರಲ್ಲಿ ಲಾಹೋರ್‌ನಲ್ಲಿ ಅದೇ ಮನೆತನದ ಎಳೆಯ ಪೈಲ್ವಾನ ಝಾರಾ ಇನೋಕಿಯೊಂದಿಗೆ ಸಮಬಲ ಸಾಧಿಸಿದ.

ಮುಖವಾಡ ಕಳಚಿದ ಹುಲಿ

ಇನೋಕಿಯ ಮಾತನ್ನು ಅಕ್ಷರಶಃ ನಂಬಿದವರು ಅವನ ಶಿಷ್ಯರು. ಕುಸ್ತಿಯೇ ಅತಿ ಬಲಶಾಲಿ ಎನ್ನುವುದಾದರೆ ನಾವೇಕೆ ನಾಟಕ ಆಡಬೇಕು ಎಂದು ಅವರು ಕೇಳತೊಡಗಿದರು. ಸತೋರು ಸಯಾಮಾ 1981ರಿಂದ 'ಟೈಗರ್ ಮಾಸ್ಕ್' ಎಂಬ ಹೆಸರಿನಲ್ಲಿ, ಚಿತ್ರಕಥೆಯ ವೀರನ ಹುಲಿಮುಖವಾಡ ತೊಟ್ಟು ಕಣದಲ್ಲಿ ಲಾಗ ಹಾಕುತ್ತ ಮಕ್ಕಳ ಕಣ್ಮಣಿಯಾಗಿದ್ದ. 1983ರಲ್ಲಿ, ಕೀರ್ತಿಯ ತುತ್ತತುದಿಯಲ್ಲಿದ್ದಾಗಲೇ, ಇನೋಕಿಯ ಸಂಸ್ಥೆ ಬಿಟ್ಟುಹೋದ.

1984ರಲ್ಲಿ ಯುಡಬ್ಲ್ಯುಎಫ್ ಎಂಬ ಹೊಸ ಸಂಸ್ಥೆ ಹುಟ್ಟಿತು. ಸಯಾಮಾ, ಮಾಯೆದಾ, ಫುಜಿವಾರಾ, ನೊಬುಹಿಕೊ ತಕಾದಾ ಅಲ್ಲಿ ಸೇರಿದರು. ಹಗ್ಗದ ಮೇಲಿನಿಂದ ಹಾರುವ ಚಮತ್ಕಾರಗಳಿಗೆ ಅಲ್ಲಿ ಜಾಗವಿರಲಿಲ್ಲ. ಕಾಲಿನ ಒದೆ, ಕೀಲು ತಿರುಚುವ ಪಟ್ಟು, ಇಷ್ಟೇ. ಸೋಲುಗೆಲುವು ಇಲ್ಲಿಯೂ ಒಳಗೊಳಗೇ ಗೊತ್ತಾಗಿರುತ್ತಿತ್ತು. ಆದರೆ ಕಣ್ಣಿಗೆ ಕಾಣುವುದು ನಿಜದ ಕಾಳಗವೇ. ಸಂಸ್ಥೆ ಮರುವರ್ಷವೇ ಮುಚ್ಚಿದರೂ 1988ರಲ್ಲಿ ಮತ್ತೆ ತಲೆಯೆತ್ತಿತು. 1989ರ ನವೆಂಬರ್‌ನಲ್ಲಿ ಟೋಕಿಯೊ ಡೋಮ್ ಎಂಬ ಭಾರಿ ಕ್ರೀಡಾಂಗಣವನ್ನೇ ತುಂಬಿಸಿತು. ನಿಜದ ರುಚಿಗೆ ಜನ ಎಷ್ಟು ಹಸಿದಿದ್ದರು ಎಂಬುದು ಆಗ ತಿಳಿಯಿತು.

ಸಯಾಮಾನಿಗೆ ಅಷ್ಟು ಸಾಲಲಿಲ್ಲ. ಕುಸ್ತಿಯ ಗುಟ್ಟುಗಳನ್ನು ಬಯಲಿಗೆಳೆಯುವ ಪುಸ್ತಕವನ್ನು 1985ರಲ್ಲಿ ಪ್ರಕಟಿಸಿ ಹಳೆಯ ಸಂಗಡಿಗರ ಸಿಟ್ಟಿಗೆ ಗುರಿಯಾದ. ಗುದ್ದು, ಒದೆ, ಎಸೆತ, ಕೀಲುಪಟ್ಟು ಎಲ್ಲವೂ ಸೇರಿದ, ಮೊದಲೇ ಏನೂ ಗೊತ್ತಾಗಿರದ 'ಶೂಟೊ' ಎಂಬ ಕ್ರೀಡೆಯನ್ನು ರೂಪಿಸಿದ. ಅದರ ವೃತ್ತಿಪರ ಪಂದ್ಯಗಳು 1989ರಲ್ಲಿ ಆರಂಭವಾದವು. ಅಮೆರಿಕದಲ್ಲಿ ಇಂಥ ಕಾಳಗಕ್ಕೆ ಹೆಸರು ಹುಟ್ಟುವ ನಾಲ್ಕು ವರ್ಷ ಮೊದಲು!

ಏಳು ವಾರಗಳ ಅಂತರ

ಯುಡಬ್ಲ್ಯುಎಫ್ 1991ರ ಹೊತ್ತಿಗೆ ಮೂರು ಹೋಳಾಯಿತು. ಮಾಯೆದಾ 'ರಿಂಗ್ಸ್' ಕಟ್ಟಿದ, ತಕಾದಾ ಇನ್ನೊಂದು ಸಂಸ್ಥೆಯ ನಾಯಕನಾದ, ಫುಜಿವಾರಾ ತನ್ನದೇ ತಂಡ ಮಾಡಿಕೊಂಡ. ಫುಜಿವಾರಾನ ತಂಡದಿಂದ ಮಸಾಕಾತ್ಸು ಫುನಾಕಿ ಮತ್ತು ಮಿನೊರು ಸುಜುಕಿ ಎಂಬ ಇಬ್ಬರು ಯುವಕರು ಹೊರಬಂದು 'ಪ್ಯಾಂಕ್ರೇಸ್' ಆರಂಭಿಸಿದರು. ಪ್ರಾಚೀನ ಗ್ರೀಕರ ಪ್ಯಾಂಕ್ರೇಷನ್ ಕಾಳಗವನ್ನು ನೆನಪಿಸುವ ಆ ಹೆಸರನ್ನು ಸೂಚಿಸಿದವನು ಗುರು ಗಾಚ್. ಮುಷ್ಟಿ ಕಟ್ಟಿ ಮುಖಕ್ಕೆ ಹೊಡೆಯುವಂತಿಲ್ಲ, ಅಂಗೈಯಿಂದ ಹೊಡೆಯಬಹುದು, ಉಳಿದದ್ದೆಲ್ಲ ನಿಜ.

1993ರ ಸೆಪ್ಟೆಂಬರ್ 21ರಂದು ನಡೆದ ಮೊದಲ ಪ್ರದರ್ಶನದ ಐದು ಪಂದ್ಯಗಳು ಒಟ್ಟು ಸುಮಾರು 13 ನಿಮಿಷಗಳಲ್ಲಿ ಮುಗಿದುಹೋದವು. ಅರ್ಧ ಗಂಟೆಯ ಒಂದೊಂದು ಕುಸ್ತಿ ನೋಡಿ ರೂಢಿಯಾಗಿದ್ದ ಜನ ಬೆರಗಾದರು. ನಿಜವಾದ ಕಾಳಗ ಎಷ್ಟು ಚುಟುಕು ಎಂಬುದನ್ನು ಅವರು ಮೊದಲ ಬಾರಿಗೆ ಕಂಡರು. ಅಂದು ಫುನಾಕಿಯನ್ನು ಮಣಿಸಿದವನು ಕೆನ್ ಶಾಮ್ರಾಕ್ ಎಂಬ ಅಮೆರಿಕದ ಕುಸ್ತಿಪಟು. ಏಳು ವಾರಗಳ ನಂತರ, ನವೆಂಬರ್ 12ರಂದು, ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿ ಸ್ಪರ್ಧೆಯಲ್ಲಿ ಅದೇ ಶಾಮ್ರಾಕ್ ಇದ್ದ. ಅವನನ್ನು ಕತ್ತು ಬಿಗಿದು ಸೋಲಿಸಿ ಪ್ರಶಸ್ತಿ ಗೆದ್ದವನು ರಾಯ್ಸ್ ಗ್ರೇಸಿ. ಕಿಮುರಾನ ಎದುರು ಸೋಲೊಪ್ಪದ ಹೆಲಿಯೊನ ಮಗ. ಕಿಮುರಾ ಇದನ್ನು ನೋಡಲು ಇರಲಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದ.

ಮುಚ್ಚಿಟ್ಟ ಕಣ್ಣು

ಸಯಾಮಾ ಈಗ ಬ್ರೆಜಿಲ್ ಮಾದರಿಯ, ಮುಷ್ಟಿಗೂ ನಿರ್ಬಂಧವಿಲ್ಲದ ಸ್ಪರ್ಧೆಗಳನ್ನು ಜಪಾನಿನಲ್ಲೇ ಏರ್ಪಡಿಸಿದ. 1994ರಲ್ಲಿ ರಾಯ್ಸ್‌ನ ಅಣ್ಣ ರಿಕ್ಸನ್ ಬಂದು ಸುಲಭವಾಗಿ ಗೆದ್ದುಹೋದ. 1995ರ ಏಪ್ರಿಲ್ 20ರಂದು ಬುಡೋಕಾನ್‌ನಲ್ಲಿ ಶೂಟೊದ ಮಾನ ಉಳಿಸಲು ನಿಂತವನು ಯೂಕಿ ನಕಾಯ್. ತೂಕ ಸುಮಾರು 70 ಕಿಲೊ. ಮೊದಲ ಎದುರಾಳಿ ಹಾಲೆಂಡಿನ ಜೆರಾರ್ಡ್ ಗೋರ್ಡೊ ಅವನಿಗಿಂತ ಗೇಣುದ್ದ ಎತ್ತರ, ತೂಕದಲ್ಲೂ ಬಹಳ ಹೆಚ್ಚು. ಗೋರ್ಡೊ ನಿಯಮ ಮೀರಿ ನಕಾಯ್‌ನ ಬಲಗಣ್ಣಿಗೆ ಬೆರಳು ತೂರಿದ. ನಕಾಯ್ ಬಿಡಲಿಲ್ಲ. ನಾಲ್ಕನೆಯ ಸುತ್ತಿನಲ್ಲಿ ಗೋರ್ಡೊನ ಹಿಮ್ಮಡಿ ತಿರುಚಿ ಗೆದ್ದ. ಅದೇ ಸಂಜೆ ಇನ್ನೊಬ್ಬ ದೈತ್ಯನನ್ನೂ ಮಣಿಸಿ, ಕೊನೆಯ ಪಂದ್ಯದಲ್ಲಿ ರಿಕ್ಸನ್‌ಗೆ ಸೋತ.

ಆ ಕಣ್ಣಿನ ದೃಷ್ಟಿ ಮರಳಿ ಬರಲೇ ಇಲ್ಲ. ಈ ಸಂಗತಿಯನ್ನು ನಕಾಯ್ ವರ್ಷಗಟ್ಟಲೆ ಹೊರಗೆ ಹೇಳಲಿಲ್ಲ. ಹೇಳಿದರೆ ಆಗತಾನೆ ಕಣ್ಣುಬಿಡುತ್ತಿದ್ದ ಕ್ರೀಡೆಗೆ ಕೆಟ್ಟ ಹೆಸರು ಬಂದೀತೆಂಬ ಅಂಜಿಕೆ. ಒಪ್ಪಂದದ ಕುಸ್ತಿಯವರು ಆಟದ ಸುಳ್ಳನ್ನು ಮುಚ್ಚಿಟ್ಟರು. ನಿಜದ ಕಾಳಗಕ್ಕಿಳಿದ ನಕಾಯ್ ತನ್ನ ಗಾಯದ ಸತ್ಯವನ್ನು ಮುಚ್ಚಿಟ್ಟ. ಮುಂದೆ ಆತ ಜುಜುತ್ಸು ಗುರುವಾಗಿ ಶಿಷ್ಯರನ್ನು ಬೆಳೆಸಿದ.

ಸೋತ ಗುರು, ಗೆದ್ದ ಶಿಷ್ಯ

ತಕಾದಾನ ಸಂಸ್ಥೆ ಮಾತ್ರ ಇನ್ನೂ ತಾನೇ ಅತಿ ಬಲಶಾಲಿ ಎಂದು ಸಾರುತ್ತಿತ್ತು. 1994ರ ಡಿಸೆಂಬರ್‌ನಲ್ಲಿ ಆ ಸಂಸ್ಥೆಯ ಯೋಜಿ ಅಂಜೊ ಲಾಸ್ ಏಂಜಲಿಸ್‌ಗೆ ಹೋಗಿ ರಿಕ್ಸನ್‌ನ ಶಾಲೆಯಲ್ಲೇ ಸವಾಲು ಹಾಕಿದ. ರಿಕ್ಸನ್ ಬಾಗಿಲು ಮುಚ್ಚಿ ಸವಾಲು ಸ್ವೀಕರಿಸಿದ. ಅಂಜೊ ಹೊರಬಂದದ್ದು ರಕ್ತಸಿಕ್ತ ಮುಖದೊಂದಿಗೆ. ಜಪಾನಿನ ಪತ್ರಿಕೆಗಳಲ್ಲಿ ಆ ಮುಖದ ಚಿತ್ರ ಬಂತು. ಶಿಷ್ಯನ ಸೋಲಿಗೆ ನಾಯಕನೇ ಉತ್ತರ ಹೇಳಬೇಕಿತ್ತು.

1997ರ ಅಕ್ಟೋಬರ್ 11ರಂದು ಟೋಕಿಯೊ ಡೋಮ್‌ನಲ್ಲಿ ತಕಾದಾ ಮತ್ತು ರಿಕ್ಸನ್ ಎದುರಾದರು. ಈ ಒಂದು ಕಾಳಗಕ್ಕೆಂದೇ ಹುಟ್ಟಿದ ಪ್ರದರ್ಶನದ ಹೆಸರು 'ಪ್ರೈಡ್'. ಸಾವಿರಾರು ಕುಸ್ತಿಪ್ರೇಮಿಗಳು ಉಸಿರು ಬಿಗಿಹಿಡಿದು ನೋಡಿದರು. ಐದು ನಿಮಿಷ ತುಂಬುವ ಮೊದಲೇ ರಿಕ್ಸನ್ ತಕಾದಾನ ತೋಳನ್ನು ನೀಳವಾಗಿ ಎಳೆದು ಬಾಗಿಸಿದ. ತಕಾದಾ ಕೈ ತಟ್ಟಿ ಸೋಲೊಪ್ಪಿದ. ಸರಿಯಾಗಿ ಒಂದು ವರ್ಷದ ನಂತರ ನಡೆದ ಮರುಪಂದ್ಯದ ಗತಿಯೂ ಅದೇ. ರಿಕಿಡೋಜಾನ್‌ನ ಕಾಲದಿಂದ ಬೆಳೆಸಿಕೊಂಡು ಬಂದಿದ್ದ ನಂಬಿಕೆ ಅಲ್ಲಿ ಮಣ್ಣುಪಾಲಾಯಿತು.

ಅಂಥ ಹೊತ್ತಿನಲ್ಲಿ ತಕಾದಾನ ಗರಡಿಯಿಂದಲೇ, ಅಲ್ಲಿಯವರೆಗೆ ಯಾರೂ ಅಷ್ಟಾಗಿ ಗಮನಿಸದ ಕಜುಶಿ ಸಕುರಾಬಾ ಎದ್ದು ನಿಂತ. ವಿಗನ್‌ನ ಹಾವಿನ ಗುಂಡಿಯಲ್ಲಿ ಕಲಿತ ಇನ್ನೊಬ್ಬ ಉಸ್ತಾದ ಬಿಲ್ಲಿ ರಾಬಿನ್ಸನ್‌ನ ಕೈಯಲ್ಲಿ ಪಳಗಿದವನು ಈತ. 1997ರ ಡಿಸೆಂಬರ್‌ನಲ್ಲಿ ಯುಎಫ್‌ಸಿ ಜಪಾನಿಗೆ ಬಂದಾಗ ತನಗಿಂತ ಬಹಳ ಭಾರದ ಬ್ರೆಜಿಲ್‌ನ ಜುಜುತ್ಸು ಪಟುವನ್ನು ಸೋಲಿಸಿ, ವೃತ್ತಿಪರ ಕುಸ್ತಿಯವರು ನಿಜಕ್ಕೂ ಬಲಶಾಲಿಗಳು ಎಂದು ಕಣದಲ್ಲೇ ಸಾರಿದ. ತಕಾದಾ ಸೋತು ಎರಡೂವರೆ ತಿಂಗಳೂ ಕಳೆದಿರಲಿಲ್ಲ.

1999ರ ನವೆಂಬರ್‌ನಲ್ಲಿ ಆತ ರಾಯ್ಲರ್ ಗ್ರೇಸಿಯ ತೋಳನ್ನು ಬೆನ್ನ ಹಿಂದಕ್ಕೆ ತಿರುಚಿದ. ರಾಯ್ಲರ್ ತನ್ನ ತಂದೆ ಹೆಲಿಯೊನಂತೆಯೇ ಸೋಲೊಪ್ಪಲಿಲ್ಲ, ತೀರ್ಪುಗಾರನೇ ನಿಲ್ಲಿಸಿದ. 2000ದ ಮೇ 1ರಂದು ರಾಯ್ಸ್‌ನೊಂದಿಗೆ 15 ನಿಮಿಷಗಳ ಆರು ಸುತ್ತು, ಒಟ್ಟು 90 ನಿಮಿಷ ಕಾದಾಡಿದ. ಗ್ರೇಸಿಗಳ ಕಡೆಯಿಂದ ಟವೆಲ್ ಬಿತ್ತು. ಮುದುಕ ಹೆಲಿಯೊ ಕಣದ ಪಕ್ಕದಲ್ಲೇ ಕುಳಿತಿದ್ದ. ಅದೇ ಆಗಸ್ಟ್‌ನಲ್ಲಿ ರೆಂಜೊ ಗ್ರೇಸಿಯ ಮೊಣಕೈ ಕೀಲು ತಪ್ಪಿತು. ರಾಯ್ಲರ್ ಮತ್ತು ರೆಂಜೊ ಇಬ್ಬರನ್ನೂ ಕೆಡವಿದ್ದು ಅದೇ ಪಟ್ಟು. ಸಕುರಾಬಾ ಕಲಿತ ಗರಡಿಯ ಭಾಷೆಯಲ್ಲಿ ಅದು ಡಬಲ್ ರಿಸ್ಟ್‌ಲಾಕ್. ಗ್ರೇಸಿಗಳ ಭಾಷೆಯಲ್ಲಿ ಅದು ಕಿಮುರಾ.

ಉಳಿದದ್ದೇನು?

ಮುಂದಿನ ಕೆಲವು ವರ್ಷ ಪ್ರೈಡ್ ಜಗತ್ತಿನ ಅತಿ ದೊಡ್ಡ ಕಾಳಗ ಸಂಸ್ಥೆಯಾಗಿ ಮೆರೆಯಿತು. 2003ರ ಡಿಸೆಂಬರ್ 31ರ ರಾತ್ರಿ ಜಪಾನಿನ ಮೂರು ಟೆಲಿವಿಷನ್ ವಾಹಿನಿಗಳು ಏಕಕಾಲಕ್ಕೆ ಕಾಳಗಗಳನ್ನು ಪ್ರಸಾರ ಮಾಡಿದವು. ಆದರೆ ಭೂಗತ ಲೋಕದ ನಂಟಿನ ವರದಿಗಳು ಬೆನ್ನುಹತ್ತಿ, 2006ರಲ್ಲಿ ಫ್ಯೂಜಿ ವಾಹಿನಿ ಕೈಬಿಟ್ಟಿತು. 2007ರಲ್ಲಿ ಯುಎಫ್‌ಸಿಯ ಮಾಲೀಕರು ಪ್ರೈಡ್ ಅನ್ನು ಕೊಂಡುಕೊಂಡರು. ಇತ್ತ ಇನೋಕಿ ತನ್ನ ಸಂಸ್ಥೆಯ ಕುಸ್ತಿಪಟುಗಳನ್ನು ಸಾಲುಸಾಲಾಗಿ ನಿಜದ ಕಣಕ್ಕೆ ನೂಕಿದ. ಅದಕ್ಕೆಂದೇ ತಯಾರಾಗಿರದ ಅವರಲ್ಲಿ ಹಲವರು ಸೋತು ಬಂದರು. 2001ರ ವರ್ಷಾಂತ್ಯದ ರಾತ್ರಿ ಯೂಜಿ ನಗಾತಾ ಎಂಬ ಹೆಸರಾಂತ ಕುಸ್ತಿಪಟು 21 ಸೆಕೆಂಡುಗಳಲ್ಲಿ ಉರುಳಿದ. ಕುಸ್ತಿಯ ಗೌರವ ಹೆಚ್ಚಿಸಲು ಹೊರಟ ಇನೋಕಿ ಅದಕ್ಕೆ ಬಹಳ ನಷ್ಟವನ್ನೂ ತಂದ. 2022ರ ಅಕ್ಟೋಬರ್ 1ರಂದು ಆತ ತೀರಿಕೊಂಡ.

ಒಪ್ಪಂದದ ಕುಸ್ತಿ ಇಂದಿಗೂ ಜಪಾನಿನಲ್ಲಿ ಜೀವಂತವಾಗಿದೆ. ನಿಜದ ಕಾಳಗವೂ ಇದೆ. ತಾಯಿ ಮತ್ತು ಮಗಳು ಬೇರೆ ಬೇರೆ ಮನೆ ಮಾಡಿಕೊಂಡಿದ್ದಾರೆ. ನಾವೇ ಬಲಶಾಲಿಗಳು ಎಂದು ರಿಕಿಡೋಜಾನ್‌ನ ಕಾಲದ ಕುಸ್ತಿ ಜನರಿಗೆ ಹೇಳಿದ್ದು ವ್ಯಾಪಾರದ ಮಾತು. ಆದರೆ ಅದನ್ನು ನಂಬಿದ ಕೆಲವರು ಆ ಮಾತನ್ನು ನಿಜ ಮಾಡಲು ತಮ್ಮ ಮೈಯನ್ನೇ ಒಡ್ಡಿದರು. ಅದಕ್ಕೆ ನಕಾಯ್ ಕಣ್ಣು ತೆತ್ತ, ತಕಾದಾ ಮಾನ ತೆತ್ತ.

ಕಿಮುರಾನನ್ನು ಕೆಡವಿದ ರಿಕಿಡೋಜಾನ್‌ನ ಹೆಸರು ಜಪಾನಿನಾಚೆ ಇಂದು ಬಲ್ಲವರು ಕಡಿಮೆ. ಕಿಮುರಾನ ಹೆಸರು ಮಾತ್ರ ಜಗತ್ತಿನ ಯಾವುದೇ ಊರಿನ ಜುಜುತ್ಸು ಶಾಲೆಯಲ್ಲಿ ದಿನವೂ ಕೇಳಿಬರುತ್ತದೆ. ಉಸ್ತಾದ ಆ ಹೆಸರು ಹೇಳುತ್ತಾನೆ; ಹುಡುಗರು ಎದುರಾಳಿಯ ಮಣಿಕಟ್ಟಿಗೆ ಕೈಹಾಕುತ್ತಾರೆ.